ಹೊಸ ದಾರಿ ತೆರೆದ ಮೇಲೆ ತಡವೇಕೆ?

ಕಳೆದ ತಿಂಗಳು ಈ ಅಂಕಣದಲ್ಲಿ ‘ಆಟದ ಸಿದ್ಧಾಂತ’ ಎಂಬ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿಗೆ ಬಂದ ಕಾಗದಗಳು ಈಗ ನನ್ನ ಮೇಜಿನ ಮೇಲೆ ಕಂತೆಯಾಗಿ ಕುಳಿತಿವೆ. ಕೆಲವರು ಕ್ರಿಕೆಟ್ ಬಗ್ಗೆ ಕೇಳಿದ್ದಾರೆ. ಅವರು ನನ್ನನ್ನು ಮನ್ನಿಸಬೇಕು. ನನ್ನ ಲಾಭ ನಷ್ಟಗಳು ನನ್ನ ನಡೆಯ ಜೊತೆಗೆ ನಿಮ್ಮ ನಡೆಯನ್ನೂ ಅವಲಂಬಿಸಿದ್ದರೆ ಅದು ಆಟ, ಅಷ್ಟೇ; ಅಂಥ ಆಟಗಳ ಗಣಿತವೇ ಆಟದ ಸಿದ್ಧಾಂತ. ಹಾಗೆ ನೋಡಿದರೆ ರಸ್ತೆ, ಟೆಲಿಫೋನ್, ಕಾಲುವೆ, ಇಂಟರ್‌ನೆಟ್ ಎಲ್ಲವೂ ಆಟದ ಬಯಲುಗಳೇ. ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ದುಡಿದವಳು. ಉತ್ತರಗಳಲ್ಲಿ ಅದರ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಮ್ಮ ಬಡಾವಣೆಯಿಂದ ಪೇಟೆಗೆ ಎರಡು ದಾರಿಗಳಿದ್ದವು. ಅವೆರಡನ್ನೂ ನಡುವೆ ಸೇರಿಸುವ ಒಂದು ಕೂಡುರಸ್ತೆ ಕಳೆದ ವರ್ಷ ತೆರೆಯಿತು. ಅಂದಿನಿಂದ ನನಗೆ ಐದಾರು ನಿಮಿಷ ಹೆಚ್ಚೇ ಹಿಡಿಯುತ್ತಿದೆ. ವಾಹನಗಳು ಹೆಚ್ಚಾದಂತೆ ಕಾಣುವುದಿಲ್ಲ. ನನ್ನ ಗಡಿಯಾರ ಕೆಟ್ಟಿದೆ ಎಂದು ಹೆಂಡತಿ ಹೇಳುತ್ತಾಳೆ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಗಡಿಯಾರದ ಮೇಲೆ ತಪ್ಪು ಹೊರಿಸುವ ಮುಂಚೆ ಇಪ್ಪತ್ತು ಹುಣಿಸೆ ಬೀಜಗಳನ್ನು ತೆಗೆದುಕೊಂಡು ಊಟದ ಮೇಜಿಗೆ ಬನ್ನಿ. ಒಂದೊಂದು ಬೀಜವೂ ಹತ್ತು ವಾಹನಗಳ ಗುಂಪು ಎಂದುಕೊಳ್ಳಿ. ಮನೆಯಿಂದ ಪೇಟೆಗೆ ಎರಡು ದಾರಿಗಳು. ಮೇಲಿನ ದಾರಿಯಲ್ಲಿ ಮೊದಲು ಕಿರುಸೇತುವೆ, ಆಮೇಲೆ ಅಗಲವಾದ ಸುತ್ತುರಸ್ತೆ. ಕೆಳಗಿನ ದಾರಿಯಲ್ಲಿ ಮೊದಲು ಸುತ್ತುರಸ್ತೆ, ಆಮೇಲೆ ಇನ್ನೊಂದು ಕಿರುಸೇತುವೆ. ಸುತ್ತುರಸ್ತೆಯಲ್ಲಿ ಎಷ್ಟು ವಾಹನ ಬಂದರೂ 25 ನಿಮಿಷ. ಸೇತುವೆಯ ಮೇಲೆ ಎಷ್ಟು ಬೀಜವೋ ಅಷ್ಟು ನಿಮಿಷ.

ಬೀಜಗಳು ತಾವಾಗಿಯೇ ಹತ್ತು ಹತ್ತಾಗಿ ಹಂಚಿಕೊಳ್ಳುತ್ತವೆ. ಸೇತುವೆಗೆ 10, ಸುತ್ತುರಸ್ತೆಗೆ 25, ಒಟ್ಟು 35 ನಿಮಿಷ. ಎಲ್ಲರಿಗೂ ಅಷ್ಟೇ.

ಈಗ ಮೊದಲ ಸೇತುವೆಯ ಕೊನೆಯಿಂದ ಎರಡನೆಯ ಸೇತುವೆಯ ತಲೆಗೆ ಒಂದು ಕೂಡುರಸ್ತೆ ಎಳೆಯಿರಿ. ದಾಟಲು ಸಮಯವೇ ಬೇಡ ಎನ್ನುವಷ್ಟು ಚಿಕ್ಕದು. ಮೇಲಿನ ದಾರಿಯ ಒಂದು ಬೀಜಕ್ಕೆ ಇದು ಕಣ್ಣಿಗೆ ಬೀಳುತ್ತದೆ. ಅದು ಮೊದಲ ಸೇತುವೆ ದಾಟಿ, ಅಡ್ಡ ಹಾಯ್ದು, ಎರಡನೆಯ ಸೇತುವೆಯನ್ನೂ ದಾಟುತ್ತದೆ. 10 ಮತ್ತು 11, ಒಟ್ಟು 21 ನಿಮಿಷ! ಉಳಿದವರು ಸುಮ್ಮನೆ ಕೂರುತ್ತಾರೆಯೇ? ಕೆಳಗಿನಿಂದ ಒಂದು, ಮೇಲಿನಿಂದ ಒಂದು ಎಂದು ಬೀಜಗಳು ಒಳದಾರಿಗೆ ಇಳಿಯುತ್ತವೆ. ಒಂದೊಂದು ಇಳಿದಾಗಲೂ ಸೇತುವೆ ಇನ್ನಷ್ಟು ಬಿಗಿಯುತ್ತದೆ. ಈ ಆಟವನ್ನು ನನ್ನ ಮೊಮ್ಮಗಳ ಜೊತೆ ಆಡಿದ್ದೇನೆ. ಹದಿನಾರನೆಯ ಬೀಜವನ್ನು ಸರಿಸಿ ಎಣಿಸಿದವಳು ತಲೆ ಎತ್ತಿ, “ಅಜ್ಜಿ, ಒಳದಾರಿ ಹಿಡಿದವರಿಗೂ ಈಗ 36 ಆಯಿತಲ್ಲ, ಮೊದಲು 35 ಇತ್ತು” ಎಂದಳು. ಹಾಗಾದರೆ ನಿಲ್ಲಿಸು ಎಂದೆ. ನಿಲ್ಲಿಸಲಾಗಲಿಲ್ಲ. ಹಳೆಯ ದಾರಿಯಲ್ಲೇ ಉಳಿದ ನಾಲ್ಕು ಬೀಜಗಳಿಗೆ ಆ ಹೊತ್ತಿಗೆ 43 ನಿಮಿಷ ಹಿಡಿಯುತ್ತಿತ್ತು; ಅವೂ ಇಳಿದವು. ಕೊನೆಗೆ ಇಪ್ಪತ್ತೂ ಬೀಜಗಳು ಎರಡೂ ಸೇತುವೆಗಳ ಮೇಲೆ. 20 ಮತ್ತು 20, ಒಟ್ಟು 40. ಒಂದು ಬೀಜ ಬೇಸತ್ತು ಹಳೆಯ ದಾರಿಗೆ ಮರಳಿದರೆ ಅದಕ್ಕೆ 45. ಆದ್ದರಿಂದ ಯಾರೂ ಮರಳುವುದಿಲ್ಲ.

ಒಬ್ಬನೇ ನಡೆ ಬದಲಿಸಿ ಲಾಭ ಮಾಡಿಕೊಳ್ಳಲಾರದ ಈ ಸ್ಥಿತಿಗೆ ನ್ಯಾಶ್ ಸಮತೋಲನ ಎಂದು ಹೆಸರು; ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಹೇಳಿದ್ದು. ರಸ್ತೆಗಳ ಮಟ್ಟಿಗೆ ಇದನ್ನೇ ಇಂಗ್ಲೆಂಡಿನ ವಾರ್ಡ್ರಾಪ್ 1952ರಲ್ಲಿ ಬೇರೆ ಮಾತಿನಲ್ಲಿ ಹೇಳಿದರು. ಹೊಸ ರಸ್ತೆಯೇ ಎಲ್ಲರನ್ನೂ ತಡಮಾಡಬಲ್ಲದು ಎಂದು 1968ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೇಸ್. ಇಲ್ಲಿ ಸಮತೋಲನ ಎಂದರೆ ಒಳ್ಳೆಯ ಸ್ಥಿತಿ ಎಂದು ಓದಿಕೊಳ್ಳಬೇಡಿ. ಹಳ್ಳಕ್ಕೆ ಬಿದ್ದ ಚೆಂಡೂ ಸಮತೋಲನದಲ್ಲೇ ಇರುತ್ತದೆ.

ಇದು ಕಾಗದದ ಮೇಲಿನ ಚಮತ್ಕಾರ ಎನಿಸಿದರೆ, 1991ರಲ್ಲಿ ಕೊಹೆನ್ ಮತ್ತು ಹೊರೊವಿಟ್ಜ್ ಎಂಬಿಬ್ಬರು ಸ್ಪ್ರಿಂಗ್ ಮತ್ತು ದಾರಗಳಿಂದ ಮಾಡಿ ತೋರಿಸಿದ ಪ್ರಯೋಗವಿದೆ. ಎರಡು ಸ್ಪ್ರಿಂಗ್‌ಗಳನ್ನು ಗಿಡ್ಡ ದಾರದಿಂದ ಒಂದರ ಕೆಳಗೊಂದು ಜೋಡಿಸಿ ತೂಕ ನೇತುಹಾಕುತ್ತಾರೆ. ಪಕ್ಕದಲ್ಲಿ ಎರಡು ಸಡಿಲ ದಾರಗಳು. ನಡುವಿನ ಗಿಡ್ಡ ದಾರವನ್ನು ಕತ್ತರಿಸಿದರೆ ತೂಕ ಕೆಳಗೆ ಬೀಳಬೇಕಲ್ಲವೇ? ಮೇಲೇರುತ್ತದೆ. ಆ ಗಿಡ್ಡ ದಾರವೇ ನಿಮ್ಮ ಕೂಡುರಸ್ತೆ.

ಊರುಗಳ ಉದಾಹರಣೆಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. 1990ರ ಭೂದಿನದಂದು ನ್ಯೂಯಾರ್ಕಿನ 42ನೇ ಬೀದಿಯನ್ನು ಮುಚ್ಚಿದಾಗ ಊರೇ ಸ್ತಬ್ಧವಾಗುತ್ತದೆ ಎಂದು ಹೆದರಿದ್ದರು, ಹಾಗಾಗಲಿಲ್ಲ. ಸೋಲ್ ನಗರದಲ್ಲಿ 2003ರಿಂದ ಮೇಲ್ಸೇತುವೆ ಹೆದ್ದಾರಿಯೊಂದನ್ನು ಕೆಡವಿ, ಅದರ ಅಡಿಯಲ್ಲಿ ಹೂತುಹೋಗಿದ್ದ ಚೊಂಗ್ಗೆಚೊನ್ ಹೊಳೆಯನ್ನು 2005ರ ಹೊತ್ತಿಗೆ ಬಯಲಿಗೆ ತಂದರು. ಆಗಲೂ ಊರು ನಿಂತುಹೋಗಲಿಲ್ಲ. ಎಲ್ಲ ಶ್ರೇಯಸ್ಸನ್ನೂ ಬ್ರೇಸ್‌ಗೆ ಕೊಡುವವರಿದ್ದಾರೆ. 2004ರಲ್ಲಿ ಅದೇ ಊರಿನ ಬಸ್ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿದ್ದನ್ನು ಅವರು ಹೇಳುವುದಿಲ್ಲ. ನಿಮ್ಮ ರಸ್ತೆಯ ಮೇಲೂ ನಾನು ದೂರದಿಂದಲೇ ತೀರ್ಪು ಕೊಡಲಾರೆ. ಕೂಡುರಸ್ತೆಯ ಎರಡೂ ತುದಿಗಳಲ್ಲಿ ಬೇಗ ತುಂಬುವ ಕಿರಿದಾದ ಜಾಗಗಳಿವೆಯೇ ನೋಡಿ. ಪೈಪ್ ಹಾಕಲೆಂದು ಅದನ್ನು ಅಗೆದು ಸಂಚಾರ ನಿಲ್ಲಿಸುವ ವಾರ ಬಂದೇ ಬರುತ್ತದೆ, ಆ ವಾರ ಗಡಿಯಾರ ನೋಡಿಕೊಳ್ಳಿ.

ಪ್ರಶ್ನೆ: ಆಟದ ಸಿದ್ಧಾಂತ ಓದಿದರೆ ಷೇರುಪೇಟೆಯಲ್ಲಿ ದುಡ್ಡು ಮಾಡಬಹುದೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮೆದುರು ಆಡುವವರೂ ಅದನ್ನು ಓದಿರುತ್ತಾರೆ.

ಪ್ರಶ್ನೆ: ದಟ್ಟಣೆಯ ಹೊತ್ತಿನಲ್ಲಿ ರಸ್ತೆಗೆ ಸುಂಕ ಹಾಕಿದರೆ ಸಮಸ್ಯೆ ತೀರುವುದಿಲ್ಲವೇ? ಜನರಿಗೆ ಶಿಸ್ತು ಬರುವುದೇ ಹಣ ಕೀಳುವಾಗ.
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಶಿಸ್ತಿನ ಮಾತು ಬಿಡಿ ಸರ್. ಸುಂಕ ಕೆಲಸ ಮಾಡುತ್ತದೆ, ಆದರೆ ಅದು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬ ಗೆರೆಯ ಮೇಲೆ ಎಲ್ಲವೂ ನಿಂತಿದೆ. ಎಸ್‌ಟಿಡಿ ಬೂತ್‌ಗಳ ಕಾಲ ನಿಮಗೆ ನೆನಪಿರಬೇಕು. ರಾತ್ರಿ 11ರ ಮೇಲೆ ಕಾಲು ದರ. ಹಗಲಿನ ಒತ್ತಡ ಇಳಿಯಲಿ ಎಂದು ಮಾಡಿದ ವ್ಯವಸ್ಥೆ. ಹತ್ತೂಮುಕ್ಕಾಲಿಗೆ ನಮ್ಮ ಎಕ್ಸ್‌ಚೇಂಜ್‌ನಲ್ಲಿ ಊರೂರುಗಳನ್ನು ಜೋಡಿಸುವ ಟ್ರಂಕ್ ಲೈನ್‌ಗಳು ಖಾಲಿ ಬಿದ್ದಿರುತ್ತಿದ್ದವು. ಹೊರಗೆ ಎದುರಿನ ಬೂತಿನಲ್ಲಿ ಹತ್ತು ಹನ್ನೆರಡು ಜನ, ಒಬ್ಬೊಬ್ಬರ ಕೈಯಲ್ಲೂ ನಂಬರು ಬರೆದ ಚೀಟಿ, ಎಲ್ಲರ ಕಣ್ಣೂ ಗೋಡೆ ಗಡಿಯಾರದ ಮೇಲೆ. ಗಂಟೆ ಹನ್ನೊಂದು ಹೊಡೆಯುತ್ತಿದ್ದಂತೆ ಇಡೀ ಜಿಲ್ಲೆಯ ಬೂತುಗಳು ಒಟ್ಟಿಗೆ ಡಯಲ್ ಮಾಡುತ್ತಿದ್ದವು. ಹನ್ನೊಂದೂ ಐದಕ್ಕೆ ಒಂದು ಲೈನೂ ಸಿಗುತ್ತಿರಲಿಲ್ಲ. ಹಗಲಿನ ಜಾತ್ರೆಯನ್ನು ನಾವು ರಾತ್ರಿಗೆ ಎತ್ತಿಟ್ಟಿದ್ದೆವು.

ಸಿಂಗಾಪುರಕ್ಕೂ ಇದೇ ಪಾಠವಾಯಿತು. 1975ರಲ್ಲಿ ಊರ ನಡುವಿನ ಪ್ರದೇಶಕ್ಕೆ ಬೆಳಿಗ್ಗೆ 7.30ರಿಂದ 9.30ರವರೆಗೆ ಸುಂಕ ಹಾಕಿದರು. 9.30 ದಾಟುತ್ತಲೇ ಕಾರುಗಳು ನುಗ್ಗತೊಡಗಿದವು. ಕೆಲವೇ ವಾರಗಳಲ್ಲಿ ಗೆರೆಯನ್ನು 10.15ಕ್ಕೆ ಸರಿಸಬೇಕಾಯಿತು. ಸ್ಟಾಕ್‌ಹೋಮ್ ಜಾಣತನ ತೋರಿಸಿತು: ಹೊತ್ತಿಗೆ ತಕ್ಕಂತೆ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. 2006ರ ಜನವರಿಯಿಂದ ಜುಲೈವರೆಗೆ ಪರೀಕ್ಷೆಗೆಂದು ಹಾಕಿದಾಗ, ಸುಂಕದ ವಲಯದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಪರೀಕ್ಷೆ ಮುಗಿದ ಮೇಲೆ ಮತ್ತೆ ಏರಿದವು. ಜನ ಎರಡೂ ಸ್ಥಿತಿಗಳನ್ನು ನೋಡಿ ಮತ ಹಾಕಿದರು. 2007ರ ಆಗಸ್ಟ್‌ನಿಂದ ಸುಂಕ ಕಾಯಂ ಆಯಿತು. ಮೊದಲು ತೋರಿಸಿ ಆಮೇಲೆ ಕೇಳಿದ ಆ ಕ್ರಮ ನನಗೆ ಸುಂಕಕ್ಕಿಂತ ಹೆಚ್ಚು ಹಿಡಿಸಿತು.

ಪ್ರಶ್ನೆ: ರಸ್ತೆಗೆ ಪೊಲೀಸರಿದ್ದಾರೆ. ಇಂಟರ್‌ನೆಟ್‌ನಲ್ಲಿ ಕೋಟಿಗಟ್ಟಲೆ ಜನ ಒಟ್ಟಿಗೆ ನುಗ್ಗಿದರೂ ಅದು ಕುಸಿಯದಂತೆ ನೋಡಿಕೊಳ್ಳುವವರು ಯಾರು? ಎಲ್ಲರೂ ಸ್ವಾರ್ಥಿಗಳಾದರೆ ನಷ್ಟಕ್ಕೆ ಮಿತಿ ಇದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಒಂದು ಸಲ ಕುಸಿದಿತ್ತು. 1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ನಾನೂರು ಗಜ ದೂರ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಕೊಂಡಿಯಲ್ಲಿ 40 ಬಿಟ್ ಮಾತ್ರ ಸಾಗತೊಡಗಿತು. ಮಾಹಿತಿಯನ್ನು ಚೀಟಿಯಲ್ಲಿ ಬರೆದು ಹುಡುಗನೊಬ್ಬನ ಕೈಯಲ್ಲಿ ಓಡಿಸಿದ್ದರೆ ಬೇಗ ತಲುಪುತ್ತಿತ್ತು. ಕಾರಣ ಸರಳ: ಕಳುಹಿಸಿದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ತಲುಪಿದ ಸುದ್ದಿ ಬಾರದಿದ್ದರೆ ಕಂಪ್ಯೂಟರ್‌ಗಳು ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತಿದ್ದವು.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಏಕೆಂದರೆ ದೀಪಾವಳಿಯ ಸಂಜೆ ನಮ್ಮ ಎಕ್ಸ್‌ಚೇಂಜ್‌ನಲ್ಲಿ ನಡೆಯುತ್ತಿದ್ದದ್ದೂ ಇದೇ. ಡಯಲ್ ಮಾಡಿದ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ರಿಜಿಸ್ಟರ್‌ಗಳು ಕೆಲವೇ ಇರುತ್ತಿದ್ದವು. ಎಂಗೇಜ್ ಟೋನ್ ಕೇಳಿದ ತಕ್ಷಣ ಗ್ರಾಹಕರು ಮತ್ತೆ ತಿರುಗಿಸುತ್ತಿದ್ದರು. ಫಲಿಸದ ಪ್ರತಿಯೊಂದು ಯತ್ನವೂ ಒಂದು ರಿಜಿಸ್ಟರನ್ನು ಕೆಲವು ಸೆಕೆಂಡು ಹಿಡಿದು ಕೂರುತ್ತಿತ್ತು. ಕೊನೆಗೆ ಲೈನ್ ಖಾಲಿ ಇದ್ದರೂ ಡಯಲ್ ಟೋನ್ ಬರುತ್ತಿರಲಿಲ್ಲ.

ಟ್ರಂಕ್ ಲೈನ್‌ಗಳಲ್ಲಿ ಇನ್ನೊಂದು ಬಗೆಯ ಪೇಚು. ಮೈಸೂರಿನಿಂದ ಮಂಗಳೂರಿಗೆ ನೇರ ಲೈನ್ ತುಂಬಿದ್ದರೆ ಕರೆಯನ್ನು ಬೆಂಗಳೂರಿನ ಮೂಲಕ ಕಳುಹಿಸಬಹುದು. ಉಪಕಾರವೇ. ಆದರೆ ಆ ಕರೆ ಒಂದು ಲೈನಿನ ಬದಲು ಎರಡು ಲೈನ್ ತಿನ್ನುತ್ತದೆ, ಇನ್ನಿಬ್ಬರ ನೇರ ಕರೆಗೆ ಜಾಗವಿಲ್ಲದಂತೆ ಮಾಡುತ್ತದೆ. ಅವರೂ ಸುತ್ತುದಾರಿ ಹಿಡಿಯುತ್ತಾರೆ. ಒತ್ತಡದ ಹೊತ್ತಿನಲ್ಲಿ ಎಲ್ಲರೂ ಸುತ್ತುದಾರಿಯಲ್ಲಿ ಸಿಕ್ಕಿಕೊಂಡು ಜಾಲ ಹೊರುವ ಕರೆಗಳ ಸಂಖ್ಯೆಯೇ ಇಳಿಯುತ್ತದೆ. ಹುಣಿಸೆ ಬೀಜದ ಆಟವೇ ಬೇರೆ ವೇಷದಲ್ಲಿ ಬಂದಿದೆ, ನೋಡಿ. ಕೇಂಬ್ರಿಡ್ಜ್‌ನ ಗಣಿತಜ್ಞ ಫ್ರಾಂಕ್ ಕೆಲಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಬ್ರಿಟಿಷ್ ಟೆಲಿಕಾಂ ಜಾಲಕ್ಕೆ ರೂಪಿಸಿದ ಏರ್ಪಾಡಿನಲ್ಲಿ ಇದಕ್ಕೊಂದು ಮದ್ದು ಬಳಸಿದರು. ಪ್ರತಿ ಕೊಂಡಿಯ ಕೊನೆಯ ಕೆಲವು ಲೈನ್‌ಗಳನ್ನು ನೇರ ಕರೆಗಳಿಗೇ ಮೀಸಲಿಡುವುದು. ಸುತ್ತಿ ಬಂದ ಕರೆಗೆ ಅವು ಸಿಗುವುದಿಲ್ಲ. ಮನೆಯವರ ಊಟಕ್ಕೆ ನಾಲ್ಕು ಎಲೆ ತೆಗೆದಿಟ್ಟು ಆಮೇಲೆ ನೆಂಟರನ್ನು ಕೂರಿಸಿದ ಹಾಗೆ.

ಇಂಟರ್‌ನೆಟ್‌ಗೆ ಮದ್ದು ಕೊಟ್ಟವರು ಅದೇ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್, 1988ರಲ್ಲಿ. ದಾರಿ ಸಲೀಸಾಗಿದ್ದರೆ, ಕಳುಹಿಸಿ ಉತ್ತರ ಬರುವ ಪ್ರತಿ ಸುತ್ತಿಗೆ ಒಂದೊಂದೇ ಪ್ಯಾಕೆಟ್ ಹೆಚ್ಚಿಸು. ಒಂದು ಕಳೆದುಹೋದರೂ ವೇಗವನ್ನು ಅರ್ಧಕ್ಕಿಳಿಸು. ಇದನ್ನೋ ಇದರ ಸುಧಾರಿತ ರೂಪವನ್ನೋ ಎಲ್ಲರೂ ಪಾಲಿಸುವುದು ಸಜ್ಜನಿಕೆಯಿಂದಲ್ಲ. ನಿಯಮ ಆಪರೇಟಿಂಗ್ ಸಿಸ್ಟಂ ಒಳಗೇ ಕೂತಿದೆ, ಕೀಳುವ ಶ್ರಮವನ್ನು ಸಾಮಾನ್ಯರು ಯಾರೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವರೂ ಇದ್ದಾರೆ: ಒಂದು ಫೈಲಿಗೆ ಎಂಟು ಸಂಪರ್ಕ ತೆರೆಯುವ ಡೌನ್‌ಲೋಡ್ ತಂತ್ರಾಂಶಗಳು. ಸರದಿಯಲ್ಲಿ ತಾನೂ ನಿಂತು, ಮಕ್ಕಳನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವ ಗಿರಾಕಿಯ ಜಾತಿ ಅದು.

ನಷ್ಟದ ಮಿತಿಗೆ ಬರುತ್ತೇನೆ. ಎಲ್ಲರೂ ಸ್ವಂತ ದಾರಿ ಹುಡುಕಿಕೊಂಡಾಗ ಆಗುವ ಒಟ್ಟು ವೆಚ್ಚವನ್ನು, ಒಬ್ಬ ಜಾಣ ಹಂಚಿಕೊಟ್ಟಿದ್ದರೆ ಆಗುತ್ತಿದ್ದ ವೆಚ್ಚದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ‘ಅರಾಜಕತೆಯ ಬೆಲೆ’ ಎನ್ನುತ್ತಾರೆ. ಈ ಬಗೆಯ ಲೆಕ್ಕವನ್ನು 1999ರಲ್ಲಿ ಆರಂಭಿಸಿದವರು ಕಂಪ್ಯೂಟರ್ ವಿಜ್ಞಾನಿಗಳಾದ ಕುಟ್ಸೂಪಿಯಾಸ್ ಮತ್ತು ಪಾಪಾಡಿಮಿಟ್ರಿಯೂ. ವಾಹನ ಹೆಚ್ಚಿದಂತೆ ಸಮಯವೂ ನೇರ ಗೆರೆಯಲ್ಲಿ ಏರುವ ಜಾಲ ಎಷ್ಟೇ ದೊಡ್ಡದಿರಲಿ, ಹೇಗೇ ಹೆಣೆದಿರಲಿ, ಈ ಬೆಲೆ ಮೂರಕ್ಕೆ ನಾಲ್ಕನ್ನು ಮೀರುವುದಿಲ್ಲ ಎಂದು ರಫ್‌ಗಾರ್ಡನ್ ಮತ್ತು ಟಾರ್ಡೋಶ್ 2002ರಲ್ಲಿ ಪ್ರಕಟಿಸಿದರು. ಅಂದರೆ ಸ್ವಾರ್ಥದ ದಂಡ ಹೆಚ್ಚೆಂದರೆ ಮೂರನೇ ಒಂದು ಪಾಲು. ಸಮಯ ಕಡಿದಾಗಿ ಏರುವ ಕಡೆ ಈ ಭರವಸೆ ಇಲ್ಲ. ಸಂಜೆ ಆರರ ಬೆಂಗಳೂರಿಗೆ ಇದನ್ನು ಅನ್ವಯಿಸಲು ಹೋಗಬೇಡಿ.

ಪ್ರಶ್ನೆ: ನಮ್ಮ ಓಣಿಯ ಮೂರು ಮನೆಯವರು ಸೇರಿ ಮುಖ್ಯರಸ್ತೆಯಿಂದ ನೀರಿನ ಪೈಪ್ ಎಳೆಸುತ್ತಿದ್ದೇವೆ. ಒಟ್ಟು 9,000 ರೂಪಾಯಿ. ಸಮಪಾಲು ಎಂದು ಕೊನೆಯ ಮನೆಯವರು, ಸಾಧ್ಯವೇ ಇಲ್ಲ ಎಂದು ಮೊದಲ ಮನೆಯವರು. ನಾವು ನಡುವಿನವರು. ಮಾತು ನಿಂತುಹೋಗಿದೆ.
– ಗೃಹಿಣಿ, ದಾವಣಗೆರೆ

ಉತ್ತರ: ಮೂರು ಮನೆಗಳೂ ಸಮದೂರದಲ್ಲಿವೆ ಎಂದು ಇಟ್ಟುಕೊಳ್ಳುತ್ತೇನೆ. ಪೈಪನ್ನು ಮೂರು ತುಂಡಾಗಿ ನೋಡಿ, ಒಂದೊಂದಕ್ಕೆ 3,000. ಮೊದಲ ತುಂಡನ್ನು ಮೂವರೂ ಬಳಸುತ್ತೀರಿ, ತಲಾ 1,000. ಎರಡನೆಯದನ್ನು ನೀವು ಮತ್ತು ಕೊನೆಯವರು, ತಲಾ 1,500. ಮೂರನೆಯದು ಅವರೊಬ್ಬರದೇ. ಮೊದಲ ಮನೆಗೆ 1,000, ನಿಮಗೆ 2,500, ಅವರಿಗೆ 5,500. ಪ್ರತಿಯೊಬ್ಬರಿಗೂ ಒಂಟಿಯಾಗಿ ಎಳೆಸಿದ್ದಕ್ಕಿಂತ ಇದು ಅಗ್ಗ. ಕೊನೆಯವರಿಗೆ 9,000 ಬೀಳುತ್ತಿತ್ತು ಎಂಬುದನ್ನು ಕಾಫಿ ಕೊಟ್ಟ ಮೇಲೆ ಹೇಳಿ. ಹಂಚಿಕೆಯ ಈ ಸೂತ್ರ 1953ರಲ್ಲಿ ಅಮೆರಿಕದ ಗಣಿತಜ್ಞ ಲಾಯ್ಡ್ ಶೇಪ್ಲಿ ಕೊಟ್ಟದ್ದು, ವಿಮಾನ ನಿಲ್ದಾಣದ ರನ್‌ವೇ ಖರ್ಚನ್ನು ಚಿಕ್ಕ ದೊಡ್ಡ ವಿಮಾನಗಳಿಗೆ ಹಂಚುವಾಗಲೂ ಇದೇ ಲೆಕ್ಕ. ಶೇಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮಗೆ ಪೈಪ್ ಬಂದರೆ ಸಾಕು.

ಪ್ರಶ್ನೆ: ನಾನು ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಳ್ಳುತ್ತಾರೆ. ನಮಗೆ ಬರುವ ಹೊತ್ತಿಗೆ ನಾಲೆಯಲ್ಲಿ ಹೂಳು ಮಾತ್ರ. ನಾಲೆಗೆ ಸಿಮೆಂಟ್ ಹಾಕಿದರೆ, ಗೇಟು ಬದಲಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಮ್ಮ ಗಣಿತ ಏನನ್ನುತ್ತದೆ?
– ರೈತ, ರಾಯಚೂರು ಜಿಲ್ಲೆ

ಉತ್ತರ: ಈ ಕಾಗದವನ್ನು ಮೂರು ಸಲ ಓದಿದೆ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ಎಣಿಸಿ ಯೋಜಿಸಿದ ಅಚ್ಚುಕಟ್ಟಿನಲ್ಲಿ ಮೇಲ್ಭಾಗಕ್ಕೆ ಭತ್ತ ಬಂದು ಕೂತಿತು. ನಿಮ್ಮ ಪಾಲಿನ ನೀರು ಅಲ್ಲಿ ನಿಂತಿದೆ. ಇದರಲ್ಲಿ ಮೇಲಿನ ರೈತನನ್ನು ಬೈದು ಪ್ರಯೋಜನವಿಲ್ಲ. ನಿಮ್ಮನ್ನೂ ಅವರನ್ನೂ ಜಾಗ ಬದಲಿಸಿ ಕೂರಿಸಿದರೆ ಮುಂದಿನ ಹಂಗಾಮಿಗೆ ನೀವೇ ಭತ್ತ ನಾಟಿ ಮಾಡಿರುತ್ತೀರಿ, ಅವರು ನನಗೆ ಕಾಗದ ಬರೆದಿರುತ್ತಾರೆ. ರಸ್ತೆಯ ಆಟದಲ್ಲಿ ಎಲ್ಲರೂ ಸಮಾನರು. ಕಾಲುವೆಯ ಆಟದಲ್ಲಿ ಹಾಗಿಲ್ಲ, ಮೊದಲ ನಡೆ ಯಾವಾಗಲೂ ಮೇಲಿನವನದು.

ಸಿಮೆಂಟಿನ ವಿಷಯಕ್ಕೆ ನೇಪಾಳದ ಒಂದು ಸಂಗತಿ ಹೇಳಬೇಕು. ಅಲ್ಲಿನ ಬೆಟ್ಟದ ಊರುಗಳಲ್ಲಿ ರೈತರೇ ಕಟ್ಟಿಕೊಂಡ ಕಾಲುವೆಗಳಿವೆ. ಹೊಳೆಗೆ ಅಡ್ಡಲಾಗಿ ಕಲ್ಲು, ಮಣ್ಣು, ಮರದ ಕೊಂಬೆಗಳ ಒಡ್ಡು. ಮಳೆಗಾಲ ಬಂದರೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ಪಕ್ಕದಲ್ಲೇ ಸರ್ಕಾರ ನಡೆಸುವ, ಕಾಂಕ್ರೀಟಿನ ಭದ್ರ ಒಡ್ಡುಗಳಿರುವ ಕಾಲುವೆಗಳೂ ಇವೆ. ಎಲಿನರ್ ಆಸ್ಟ್ರಮ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಸ್ಟ್ರಮ್ ಅವರೇ ಇವರು, ಆ ಗೌರವ ಪಡೆದ ಮೊದಲ ಮಹಿಳೆ. ಕೊನೆಭಾಗಕ್ಕೆ ನೀರು ಮುಟ್ಟಿಸುವುದರಲ್ಲಿ ಗೆದ್ದದ್ದು ಕೊಂಬೆ ಕಲ್ಲಿನ ಒಡ್ಡುಗಳ ಕಾಲುವೆಗಳು.

ಹೇಗೆ? ಒಡ್ಡು ಕೊಚ್ಚಿಹೋದಾಗ ಅದನ್ನು ಕಟ್ಟಲು ಮೇಲ್ಭಾಗದವರ ಕೈಗಳು ಸಾಲುವುದಿಲ್ಲ. ಕೆಳಗಿನವರು ಬರಬೇಕು. ನೀರು ಸಿಗದ ಕೆಳಗಿನವನು ಗುದ್ದಲಿ ಹಿಡಿದು ಏಕೆ ಬರುತ್ತಾನೆ? ಹಾಗಾಗಿ ನೀರು ಬಿಡುವುದು ಮೇಲಿನವನಿಗೇ ಲಾಭ. ಭದ್ರವಾದ ಒಡ್ಡು ಬಂದ ಕಡೆ ಮೇಲಿನವನಿಗೆ ಕೆಳಗಿನವನ ಹಂಗು ತಪ್ಪಿತು, ನೀರೂ ತಪ್ಪಿತು. ಎಂಜಿನಿಯರ್ ಕಟ್ಟಿದ್ದು ಒಳ್ಳೆಯ ಒಡ್ಡನ್ನೇ. ಆದರೆ ಯಾರಿಗೆ ಯಾರು ಬೇಕು ಎಂಬ ಲೆಕ್ಕ ಅವನ ನಕ್ಷೆಯಲ್ಲಿ ಇರಲಿಲ್ಲ. ನಾನೂ ಎಂಜಿನಿಯರಳೇ, ನನ್ನ ನಕ್ಷೆಗಳಲ್ಲೂ ಇರಲಿಲ್ಲ.

ನಮ್ಮ ಹಳೆ ಮೈಸೂರಿನ ಕೆರೆಗಳಲ್ಲಿ ಬೇರೆ ಉಪಾಯವಿತ್ತು. ತುಮಕೂರಿನ ಕಡೆ ನನ್ನ ಅಜ್ಜಿಯ ಊರಿನಲ್ಲಿ ತೂಬು ಎತ್ತುವ, ಇಳಿಸುವ ಹಕ್ಕು ಗದ್ದೆಯವರಿಗೆ ಇರಲಿಲ್ಲ, ನೀರುಗಂಟಿಗೆ ಮಾತ್ರ ಇತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಅವರೇ ತೀರ್ಮಾನಿಸುತ್ತಿದ್ದರು. ಸನಿಕೆ ಹೆಗಲಿಗಿಟ್ಟು ನಸುಕಿನಲ್ಲೇ ಬದುಗಳ ಮೇಲೆ ಹೋಗುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದೆ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವರಿಗೆ ಇಷ್ಟು ಮೊರ ಭತ್ತ ಸಲ್ಲಬೇಕು. ಕೊನೆಯ ಗದ್ದೆ ಒಣಗಿದರೆ ಅವರ ಪಾಲೂ ಅಷ್ಟು ಒಣಗುತ್ತದೆ. ಆ ಅಚ್ಚುಕಟ್ಟಿನಲ್ಲಿ ಅವರದೇ ಗದ್ದೆ ಇರಲಿಲ್ಲ, ಹಾಗಾಗಿ ಯಾರ ಪರವೂ ಇರಬೇಕಾಗಿರಲಿಲ್ಲ. ಜಾಲದ ವಿನ್ಯಾಸವಾಗಿ ನೋಡಿದರೆ ಇದಕ್ಕಿಂತ ಅಚ್ಚುಕಟ್ಟಾದದ್ದು ಇಲ್ಲ. ಆದರೆ ಅವರಿಗೆ ಗದ್ದೆ ಏಕೆ ಇರಲಿಲ್ಲ ಎಂದು ನಾನು ಅಜ್ಜಿಯನ್ನು ಕೇಳಿದ್ದು ತೀರ ತಡವಾಗಿ. ಎಷ್ಟೋ ಊರುಗಳಲ್ಲಿ ನೀರುಗಂಟಿಗಳು ದಲಿತ ಕುಟುಂಬಗಳವರು. ಭೂಮಿ ಸಿಗದಂತೆ ಇಟ್ಟದ್ದರಿಂದಲೇ ಅವರು ಪಕ್ಷಪಾತವಿಲ್ಲದವರಾದದ್ದು. ಆ ಏರ್ಪಾಡನ್ನು ಇದ್ದ ಹಾಗೆಯೇ ಮರಳಿ ತರೋಣ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಎದ್ದು ಹೋಗುತ್ತೇನೆ.

ನಿಮ್ಮದು ಒಂದು ಕೆರೆಯ ಮಾತಲ್ಲ, ನೂರಾರು ಕಿಲೋಮೀಟರ್ ಉದ್ದದ ನಾಲೆ. ಅಷ್ಟು ದೂರದ ಮೇಲ್ಭಾಗಕ್ಕೆ ನಿಮ್ಮ ಗುದ್ದಲಿಯ ಅಗತ್ಯವಿಲ್ಲ ಎಂಬುದು ನನಗೂ ಗೊತ್ತು. ಆದರೆ ನಿಮ್ಮ ಉಪಕಾಲುವೆಯ ಮಟ್ಟದಲ್ಲಿ ಲೆಕ್ಕ ಬೇರೆ ಇರಬಹುದು. ಅದರ ಹೂಳನ್ನು ಈಗ ಯಾರು, ಯಾವ ತಿಂಗಳಲ್ಲಿ, ಯಾರ ದುಡ್ಡಿನಲ್ಲಿ ತೆಗೆಸುತ್ತಾರೆ? ಮೇಲಿನ ತೂಬಿನವರಿಗೆ ನಿಮ್ಮಿಂದ ಆಗಬೇಕಾದ ಕೆಲಸ ಒಂದಾದರೂ ಇದೆಯೇ, ಆಳು, ಟ್ರ್ಯಾಕ್ಟರ್, ಮೇವು, ದಾರಿ, ಸಂಘದಲ್ಲಿ ಒಂದು ಓಟು, ಯಾವುದಾದರೂ? ಇಷ್ಟನ್ನು ಬರೆದು, ಉಪಕಾಲುವೆಯ ಒಂದು ಕೈನಕ್ಷೆಯನ್ನೂ ಜೊತೆಗಿಟ್ಟು ಕಳುಹಿಸಿ. ತೂಬುಗಳನ್ನು ಗುರುತಿಸಲು ಮರೆಯಬೇಡಿ. ಮುಂದಿನ ತಿಂಗಳು ಅದನ್ನೇ ಹರಡಿಕೊಂಡು ಕೂರೋಣ.